ವೇಗೋಪಾಸಕರು

ಅಂತರ್ಜಾಲದ ಪುಟವನ್ನು ಓದುವುದಕ್ಕಾಗಿ ತೆರೆಯುವವರು ಕೆಲವರು, ಬರಿದೆ ನೋಡುವುದಕ್ಕಾಗಿ ತೆರೆಯುವವರು ಹಲವರು, ಕೊಳ್ಳುವುದಕ್ಕೂ ಮಾರುವುದಕ್ಕೂ ತೆರೆಯುವವರು ಅಸಂಖ್ಯರು. ಆದರೆ ಅದು ಎಷ್ಟು ಬೇಗ ತೆರೆದುಕೊಳ್ಳುತ್ತದೆಂಬುದನ್ನು ತಿಳಿಯುವ ಏಕಮಾತ್ರ ಉದ್ದೇಶದಿಂದ ತೆರೆದು, ತೆರೆದೊಡನೆಯೇ ಕೃತಕೃತ್ಯರಾಗಿ ಮುಚ್ಚಿಬಿಡುವ ಮಹಾನುಭಾವರೂ ಈ ಲೋಕದಲ್ಲಿ ಉಂಟೆಂಬುದು, ನಮ್ಮ ಬಡಾವಣೆಯ ರಾಯರ ಪರಿಚಯಭಾಗ್ಯ ಒದಗುವವರೆಗೆ ನನಗೆ ತಿಳಿದಿರಲಿಲ್ಲ. ಅವರ ನಿಜವಾದ ಹೆಸರು ಬೇರೆಯಿದ್ದರೂ ಬೀದಿಯವರೆಲ್ಲ ಅವರನ್ನು ವೇಗದ ರಾಯರೆಂದೇ ಕರೆಯುತ್ತಾರೆ; ಅವರು ನಡೆಯುವುದು ಮಾತ್ರ ಬಲು ನಿಧಾನ.

ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ಯೌವನವನ್ನೂ ಪ್ರೌಢವಯಸ್ಸನ್ನೂ ಸವೆಸಿ, ಪರರ ಪ್ರವಾಸಭತ್ಯದ ಬಿಲ್ಲುಗಳಲ್ಲಿ ಪೈಸೆಯ ವ್ಯತ್ಯಾಸವನ್ನು ಹೆಕ್ಕಿ ತೆಗೆದು ಆಕ್ಷೇಪಣೆ ಬರೆಯುವುದರಲ್ಲಿ ಅಸಾಧಾರಣ ಕೀರ್ತಿ ಗಳಿಸಿ ನಿವೃತ್ತರಾದ ರಾಯರಿಗೆ, ಆ ಸೂಕ್ಷ್ಮದೃಷ್ಟಿಗೆ ತಕ್ಕ ವಿಷಯವೊಂದು ಶೇಷಾಯುಷ್ಯದಲ್ಲಿ ಬೇಕಾಗಿತ್ತು. ಅದು ಬ್ರೌಸರಿನ ರೂಪದಲ್ಲಿ ದೊರೆಯಿತು. ರಟ್ಟು ಹಾಕಿಸಿದ ರಿಜಿಸ್ಟರೊಂದರಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು, ದಿನಾಂಕ, ಬ್ರೌಸರು, ತಾಣ, ಹಿಡಿದ ಕಾಲ, ಷರಾ ಎಂದು ಅಂಕಣಗಳನ್ನು ಮಾಡಿದ್ದಾರೆ. ಪ್ರತಿದಿನ ಬೆಳಗ್ಗೆ ಸ್ನಾನ ಸಂಧ್ಯಾವಂದನೆಗಳಾದ ಬಳಿಕ, ಕಾಫಿಗೆ ಮುಂಚೆ, ಬಲಗೈಯಲ್ಲಿ ಮೌಸನ್ನೂ ಎಡಗೈಯಲ್ಲಿ ಸ್ಟಾಪ್‌ವಾಚನ್ನೂ ಹಿಡಿದು ದಿನಪತ್ರಿಕೆಯೊಂದರ ಮುಖಪುಟವನ್ನು ತೆರೆಯುತ್ತಾರೆ. ಅಂಥ ಒಂದು ಸಮಯದಲ್ಲಿ ಅವರ ಮನೆಗೆ ಹೋದ ನಾನು ವಾಡಿಕೆಯಂತೆ, "ಏನು ರಾಯರೇ, ಇವತ್ತಿನ ವಿಶೇಷ?" ಎಂದು ಕೇಳಿದೆ.

"ಎರಡೂಕಾಲು ಸೆಕೆಂಡು" ಎಂದರು ರಾಯರು.

ಆ ದಿನ ರಾಜ್ಯದಲ್ಲಿ ಮಂತ್ರಿಮಂಡಲ ಬಿದ್ದಿತ್ತು.

ಆದರೂ ರಾಯರ ವಿದ್ಯೆ ಮೂಲತಃ ಹುಸಿಯೆಂದು ಹೇಳಿದರೆ ಅನ್ಯಾಯವಾದೀತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಈ ದೇಶದ ಸಾಮಾನ್ಯ ಜನಕ್ಕೆ ಅಂತರ್ಜಾಲದ ಬಾಗಿಲನ್ನು ತೆರೆದ ಮೇಲೆ ಕೆಲವು ಕಾಲ, ಟೆಲಿಫೋನಿನ ತಂತಿಗೆ ಜೋಡಿಸಿದ ಮೋಡೆಮ್ಮು ಕಿರ್ರೆಂದು ಚೀರಿ, ಅಷ್ಟುಹೊತ್ತು ಮನೆಗೆ ಬರಬೇಕಾದ ಕರೆಗಳನ್ನೆಲ್ಲ ತಡೆದು, ಯಾವನೋ ಸಿನಿಮಾ ನಟನ ಭಾವಚಿತ್ರವನ್ನು ಹಣೆಯಿಂದ ಮೊದಲುಮಾಡಿ ಮೀಸೆಯವರೆಗೆ ಇಳಿಸುವಷ್ಟರಲ್ಲಿ ಮೀಟರಿನ ಕರೆಗಳು ಒಂದರ ಮೇಲೊಂದು ಏರುತ್ತಿದ್ದಾಗ, ಚಿತ್ರಗಳೇ ಬಾರದಂತೆ ಮಾಡಿ ಅಕ್ಷರಗಳನ್ನು ಮಾತ್ರ ಬರಮಾಡಿಕೊಳ್ಳುವ ಉಪಾಯವನ್ನು ಬಲ್ಲವನು ನಿಜವಾಗಿಯೂ ಜಾಣನಾಗಿದ್ದನು. ರಾಯರು ಆ ಕಾಲದ ಜಾಣರು. ಕಾಲ ಹೋಯಿತು, ಜಾಣತನ ಉಳಿಯಿತು. ಮನೆಗೆ ಗಾಜಿನ ತಂತಿಯ ಸಂಪರ್ಕ ಬಂದು ಸಿನಿಮಾವೇ ನಿರಾಯಾಸವಾಗಿ ಹರಿದುಬರುವ ಈ ದಿನಗಳಲ್ಲಿಯೂ ಅವರ ಬ್ರೌಸರಿನಲ್ಲಿ ಚಿತ್ರಗಳಿಗೆ ಪ್ರವೇಶವಿಲ್ಲ. ಮೊಮ್ಮಗಳ ನಾಮಕರಣದ ಫೋಟೋಗಳನ್ನು ಮಗ ಪರದೇಶದಿಂದ ಕಳುಹಿಸಿದಾಗ ರಾಯರು ಸಾಲಾಗಿ ನಿಂತ ಇಪ್ಪತ್ತು ಖಾಲಿ ಚೌಕಗಳನ್ನು ನೋಡಿ, ಪುಟ ಬಹಳ ಚೆನ್ನಾಗಿ ಬಂತೆಂದು ಉತ್ತರ ಬರೆದರು. ನನಗೆ ಅಚ್ಚರಿಯೆನಿಸುವುದು ಇನ್ನೊಂದು: ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ, ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ, ಕಿಂಚಿತ್ತೂ ಬೇಸರಿಸದೆ ಕಾದ ತಲೆಮಾರಿನವರೇ ಈಗ ಎರಡು ಸೆಕೆಂಡು ತಡೆಯಲಾರದೆ ಹೋಗಿರುವುದು.

ರಾಯರ ಸಾಧನೆಯ ಸುವರ್ಣಯುಗವು 2004ರಲ್ಲಿ ಫೈರ್‌ಫಾಕ್ಸು ಪ್ರಕಟವಾದಂದಿನಿಂದ ಆರಂಭವಾಯಿತು. ಆ ಬ್ರೌಸರಿನೊಳಗೆ ಸಾಮಾನ್ಯರ ಕಣ್ಣಿಗೆ ಬೀಳದ ಒಂದು ಗೂಢ ಪುಟವುಂಟು. ವಿಳಾಸದ ಜಾಗದಲ್ಲಿ 'ಅಬೌಟ್ ಕಾನ್ಫಿಗ್' ಎಂದು ಬರೆದರೆ ಅದರ ಕದ ತೆರೆಯುತ್ತದೆ. ಕೆಲವು ಕಾಲ ಆ ಕದದಲ್ಲಿ, ಒಳಗೆ ಹೋದರೆ ವಾರಂಟಿ ನಷ್ಟವಾದೀತೆಂಬ ಎಚ್ಚರಿಕೆಯೂ, ಎಚ್ಚರದಿಂದಿರುತ್ತೇನೆಂದು ಮಾತು ಕೊಡುತ್ತೇನೆ ಎಂಬರ್ಥದ ಗುಂಡಿಯೂ ಇದ್ದವು. ಅದನ್ನು ಬರೆದವನು ವಿನೋದಕ್ಕೆಂದೇ ಬರೆದಿರಬೇಕು. ಸಮಸ್ತ ಭೂಮಂಡಲದಲ್ಲಿ ಆ ಪ್ರತಿಜ್ಞೆಯನ್ನು ಕೈಕಾಲು ತೊಳೆದುಕೊಂಡು ಬಂದು ಸ್ವೀಕರಿಸಿದವರು ನಮ್ಮ ರಾಯರೊಬ್ಬರೇ ಎಂದು ನನ್ನ ನಂಬಿಕೆ. ಒಳಹೊಕ್ಕವರು 'ಪೈಪ್‌ಲೈನಿಂಗ್' ಎಂಬುದನ್ನು ಕಂಡುಕೊಂಡರು. ಒಂದು ಕೋರಿಕೆಗೆ ಉತ್ತರ ಬರುವ ಮುನ್ನವೇ ಅದೇ ಸಂಪರ್ಕದಲ್ಲಿ ಮತ್ತೆ ಹಲವು ಕೋರಿಕೆಗಳನ್ನು ಸರ್ವರಿಗೆ ಅಟ್ಟುವ ತಂತ್ರ ಅದು. ಕೇಳಲು ಸೊಗಸಾಗಿದ್ದರೂ ಉತ್ತರಗಳು ಕೋರಿಕೆಯ ಕ್ರಮದಲ್ಲಿಯೇ ಬರಬೇಕಾದುದರಿಂದ ಮೊದಲನೆಯದು ತಡವಾದರೆ ಹಿಂದಿನವೆಲ್ಲ ನಿಂತೇ ಇರಬೇಕಾಗುತ್ತಿತ್ತು. ಎಷ್ಟೋ ಸರ್ವರುಗಳಿಗೂ ನಡುವಣ ಯಂತ್ರಗಳಿಗೂ ಆ ರೀತಿಯೇ ಅರ್ಥವಾಗುತ್ತಿರಲಿಲ್ಲ. ಕಡೆಗೆ 2017ರಲ್ಲಿ ಫೈರ್‌ಫಾಕ್ಸಿನವರು ಅದನ್ನು ಕಿತ್ತೇಹಾಕಿದರು. ರಾಯರು ಧೃತಿಗೆಡಲಿಲ್ಲ. ಇಂದಿಗೂ ಯಾವ ಹೊಸ ಕಂಪ್ಯೂಟರು ಕೈಗೆ ಸಿಕ್ಕಿದರೂ ಆ ಸಾಲನ್ನು ಕೈಯಾರೆ ಬರೆದು ಸೇರಿಸುತ್ತಾರೆ, ಬ್ರೌಸರು ಅದನ್ನು ಲಕ್ಷಿಸುವುದೂ ಇಲ್ಲ, ಅಳಿಸುವುದೂ ಇಲ್ಲ, ಉಭಯತರೂ ನೆಮ್ಮದಿಯಾಗಿದ್ದಾರೆ.

ಅದೇ ಪುಟದಲ್ಲಿ, ಮಾಹಿತಿ ಬರತೊಡಗಿದ ಮೇಲೆ ಪುಟವನ್ನು ಪರದೆಗೆ ಇಳಿಸುವ ಮುಂಚೆ ಸೆಕೆಂಡಿನ ಕಾಲು ಭಾಗದಷ್ಟು ತಾಳಿಕೋ ಎಂದು ಫೈರ್‌ಫಾಕ್ಸಿಗೆ ವಿಧಿಸಿದ್ದ ನಿಯಮವೊಂದಿತ್ತು. ಅಷ್ಟರಲ್ಲಿ ಇನ್ನಷ್ಟು ಸಾಮಗ್ರಿ ಬಂದು ಸೇರಿದರೆ ಬರೆದುದನ್ನೇ ಮತ್ತೆ ಬರೆಯುವ ಶ್ರಮ ತಪ್ಪಲಿ ಎಂಬುದು ಅದರ ಅಭಿಪ್ರಾಯ. ರಾಯರು ಆ ಕಾಲು ಸೆಕೆಂಡನ್ನು ಸೊನ್ನೆಗೆ ಇಳಿಸಿದರು. ಪುಟವು ತಕ್ಷಣವೇ ಕಾಣಿಸಿಕೊಂಡು, ಪುನಃ ಕದಲಿ, ಚದರಿ, ಜಾಗ ಬದಲಿಸಿ, ಕೊನೆಗೆ ಹಿಂದಿಗಿಂತ ತಡವಾಗಿ ಸ್ಥಿರವಾಗತೊಡಗಿತು. ಆದರೆ ರಿಜಿಸ್ಟರಿನಲ್ಲಿ ದಾಖಲಾಗುವುದು ಮೊದಲ ಅಕ್ಷರ ಕಂಡ ಕಾಲವಲ್ಲದೆ ಪುಟ ಓದಲು ಬಂದ ಕಾಲವಲ್ಲ.

ಅವರ ನಿತ್ಯವಿಧಿಗಳಲ್ಲಿ ಅತಿಮುಖ್ಯವಾದುದು ಕ್ಯಾಷನ್ನು ಬರಿದುಮಾಡುವುದು. ಒಮ್ಮೆ ತಂದ ಚಿತ್ರ, ಲಿಪಿ, ಕ್ರಮವಿಧಿಗಳನ್ನು ಮರಳಿ ತರುವ ಶ್ರಮ ತಪ್ಪಿಸಲೆಂದು ಬ್ರೌಸರು ತನ್ನಲ್ಲಿಯೇ ಸಂಗ್ರಹಿಸಿಟ್ಟುಕೊಳ್ಳುವ ಭಂಡಾರಕ್ಕೆ ಕ್ಯಾಷೆಂದು ಹೆಸರು. ಅಡುಗೆಮನೆ ಹಗುರವಾಗಿರಲೆಂದು ರಾತ್ರಿ ರಾತ್ರಿಯೂ ಉಗ್ರಾಣವನ್ನು ಬೀದಿಗೆ ಸುರಿದು, ಬೆಳಗಾದೊಡನೆ ಒಗ್ಗರಣೆಯ ಸಾಸಿವೆಗೆ ಅಂಗಡಿಗೆ ಓಡುವ ಗೃಹಿಣಿಯನ್ನು ಯಾರೂ ಕಂಡಿರಲಾರರು. ರಾಯರು ಮಲಗುವ ಮುನ್ನ ಮಾಡುವುದು ಇದನ್ನೇ. ಮರುದಿನ ಮೊದಲ ಪುಟ ತಡವಾದಾಗ, "ನೋಡಿದಿರಾ, ಎಷ್ಟು ಬೇಗ ಕಸ ತುಂಬಿಕೊಳ್ಳುತ್ತೆ!" ಎಂದು ಮತ್ತೊಮ್ಮೆ ಬರಿದುಮಾಡುತ್ತಾರೆ.

ಅವರ ಯಂತ್ರದಲ್ಲಿ ಕ್ರೋಮು, ಎಡ್ಜು, ಒಪೆರಾ, ಬ್ರೇವು, ಫೈರ್‌ಫಾಕ್ಸು ಎಂದು ಐದು ಬ್ರೌಸರುಗಳಿವೆ. ಇವುಗಳಲ್ಲಿ ಮೊದಲ ನಾಲ್ಕರ ಒಡಲಲ್ಲಿರುವುದು ಕ್ರೋಮಿಯಂ ಎಂಬ ಒಂದೇ ಯಂತ್ರಾಂಗ. ಒಪೆರಾ 2013ರಲ್ಲಿಯೂ ಎಡ್ಜು 2020ರಲ್ಲಿಯೂ ತಮ್ಮ ಹಳೆಯದನ್ನು ಬಿಟ್ಟು ಅದನ್ನು ಧರಿಸಿದವು. ಈ ಅದ್ವೈತ ರಾಯರಿಗೆ ಸಮ್ಮತವಲ್ಲ. ಮಂಗಳವಾರಗಳಂದು ಎಡ್ಜು ಕ್ರೋಮಿಗಿಂತ ಚುರುಕೆಂದು ಅವರ ರಿಜಿಸ್ಟರು ಸಾರುತ್ತದೆ.

ಇವುಗಳಿಗೆ ಅವರು ಅಂಟಿಸಿರುವ ವೇಗವರ್ಧಕ ಎಕ್ಸ್‌ಟೆನ್ಷನ್ನುಗಳು ಪ್ರತಿ ಪುಟ ತೆರೆದಾಗಲೂ ಎಚ್ಚೆತ್ತು, ತಮ್ಮ ತಮ್ಮ ಪಾಲಿನ ಮೆಮೊರಿಯನ್ನು ಪಡೆದು, ಮೆಮೊರಿ ಉಳಿಸುವ ಕಾರ್ಯದಲ್ಲಿ ನಿರತವಾಗುತ್ತವೆ. ನಿಜಕ್ಕೂ ಪುಟಗಳ ಭಾರವನ್ನು ಇಳಿಸಬಲ್ಲ ಸಾಧನವೊಂದಿದ್ದರೆ ಅದು ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ನು. ಏಕೆಂದರೆ ಇಂದು ನಾಲ್ಕು ಸಾಲಿನ ಸುದ್ದಿಯೊಡನೆ ಬರುವ ಜಾಹೀರಾತುಗಳೂ, ಓದುಗನ ಬೆನ್ನುಹತ್ತುವ ಗೂಢಚಾರ ಕ್ರಮವಿಧಿಗಳೂ ಸುದ್ದಿಗಿಂತ ಎಷ್ಟೋ ಪಾಲು ಗಾತ್ರದಲ್ಲಿರುತ್ತವೆ. ಅದೊಂದನ್ನು ಮಾತ್ರ ರಾಯರು ಹತ್ತಿರ ಸೇರಿಸುವುದಿಲ್ಲ. ಕಾರಣ ಕೇಳಿದೆ. "ಜಾಹೀರಾತೇ ಬರದಿದ್ದರೆ ಕಂಪ್ಯೂಟರ್ ವೇಗಕ್ಕೆ ಹೊಸದಾಗಿ ಏನೇನು ಬಂದಿದೆ ಅಂತ ನಮಗೆ ತಿಳಿಯೋದು ಹೇಗೆ ಸ್ವಾಮಿ?" ಎಂದರು.

ಒಮ್ಮೆ ಕ್ಯಾಲಿಫೋರ್ನಿಯದ ತಾಣವೊಂದು ಎಷ್ಟು ತಿದ್ದಿದರೂ ಒಂದು ಮಿತಿಗಿಂತ ಬೇಗ ಪ್ರತಿಕ್ರಿಯಿಸದೆಂದು ಅವರು ಖಿನ್ನರಾಗಿದ್ದಾಗ ನಾನು ಸಮಾಧಾನ ಹೇಳಿದೆ: ಬೆಂಗಳೂರಿಗೂ ಅಲ್ಲಿಗೂ ಹಕ್ಕಿ ಹಾರಿದಂತೆ ಅಳೆದರೂ ಸುಮಾರು 14,000 ಕಿಲೋಮೀಟರು, ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಮೆ ಎರಡು ಲಕ್ಷ ಕಿಲೋಮೀಟರು ಮಾತ್ರ ಸಾಗುತ್ತದೆ, ಹೋಗಿ ಬರುವುದಕ್ಕೇ ಸೆಕೆಂಡಿನ ಏಳನೆಯ ಒಂದು ಭಾಗ ಬೇಕು, ಈ ಮಿತಿ ಬೆಳಕಿಗೇ ಉಂಟು. ರಾಯರು ಗಂಭೀರವಾಗಿ ಕೇಳಿ, ಸ್ವಲ್ಪ ಹೊತ್ತು ಧ್ಯಾನಿಸಿ, "ಅದು ಡೀಫಾಲ್ಟು. ಡೀಫಾಲ್ಟನ್ನ ಯಾವತ್ತೂ ನಂಬಬಾರದು" ಎಂದರು.

ಇಂಥವರು ಪರಗೃಹಗಳಲ್ಲಿ ಉಂಟುಮಾಡುವ ಕ್ಷೋಭೆಯನ್ನು ಸವಿಸ್ತಾರವಾಗಿ ವರ್ಣಿಸುವುದು ಅನವಶ್ಯಕ. ಸತ್ಯನಾರಾಯಣ ಪೂಜೆಗೆ ಬಂದು, ಪ್ರಸಾದ ಕೈಗೆ ಬರುವಷ್ಟರಲ್ಲಿ ಆತಿಥೇಯರ ಕಂಪ್ಯೂಟರಿನಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ ಹೊರಟುಹೋಗುತ್ತಾರೆ. ಮರುದಿನ ಅಲ್ಲಿ ಬ್ಯಾಂಕಿನ ಪುಟ ಬೆಳ್ಳಗೆ ತೆರೆದುಕೊಂಡು ಬೆಳ್ಳಗೇ ಇರುತ್ತದೆ. ಆದರೂ ಬಡಾವಣೆಯ ವಿಶ್ವಾಸ ಕುಂದದೆ, ಧಾರವಾಡದಲ್ಲಿ ಮಗಳ ಸೀಮಂತಕ್ಕೆ ಹೋಗಬೇಕಾಗಿದ್ದ ಮೇಲ್ಮನೆಯ ಸಾವಿತ್ರಮ್ಮನವರು ಹವಾನಿಯಂತ್ರಿತ ದರ್ಜೆಯ ತತ್ಕಾಲ್ ಟಿಕೆಟ್ಟಿಗಾಗಿ ಮೊನ್ನೆ ರಾಯರನ್ನೇ ಆಶ್ರಯಿಸಿದರು. ಬೆಳಗ್ಗೆ ಸರಿಯಾಗಿ ಹತ್ತಕ್ಕೆ ಕಾಯ್ದಿರಿಸುವಿಕೆ ಆರಂಭ. ಒಂಬತ್ತೂವರೆಗೇ ಆಕೆಯ ಖಾತೆಯನ್ನು ತೆರೆದು, ಎಲ್ಲವನ್ನೂ ಸಿದ್ಧಪಡಿಸಿ ಕುಳಿತ ರಾಯರಿಗೆ, ಇನ್ನೆರಡು ನಿಮಿಷ ಉಳಿದಿರುವಾಗ, ಇಂಥ ಮಹತ್ಕಾರ್ಯಕ್ಕೆ ಬ್ರೌಸರು ನಿರ್ಮಲವಾಗಿರುವುದು ಲೇಸೆಂದು ತೋರಿತು. ಕ್ಯಾಷು, ಕುಕೀ, ಉಳಿಸಿಟ್ಟ ಪಾಸ್‌ವರ್ಡು ಎಲ್ಲವನ್ನೂ ಒಂದೇ ಏಟಿಗೆ ಅಳಿಸಿದರು. ಕುಕೀ ಹೋದೊಡನೆ ಖಾತೆಯೂ ಮುಚ್ಚಿಕೊಂಡಿತು. ಪಾಸ್‌ವರ್ಡು ಹಾಲಿನ ಲೆಕ್ಕದ ಪುಸ್ತಕದ ಹಿಂದಿತ್ತು, ಪುಸ್ತಕವೂ, ಒ.ಟಿ.ಪಿ. ಬರಬೇಕಾದ ಮೊಬೈಲೂ ಮೇಲ್ಮನೆಯಲ್ಲಿದ್ದವು. ಮಂಡಿನೋವಿನ ಸಾವಿತ್ರಮ್ಮನವರು ಮೆಟ್ಟಿಲು ಹತ್ತಿ ಇಳಿದು ಬಂದು, ರಾಯರು ಪಾಸ್‌ವರ್ಡನ್ನೂ ಒ.ಟಿ.ಪಿ.ಯನ್ನೂ ಕನ್ನಡಕ ಬದಲಿಸಿ ಓದಿ ತುಂಬಿ, ರೈಲಿನ ಹೆಸರಿನ ಮೇಲೆ ಒತ್ತುವಾಗ ಹತ್ತು ಗಂಟೆ ಹದಿನೊಂದು ನಿಮಿಷ. ಒತ್ತಿದ ಕ್ಷಣವೇ 'ರಿಗ್ರೆಟ್' ಎಂದು ಬಂತು.

"ಆಹಾ! ನೋಡಿದಿರಾ ಸಾವಿತ್ರಮ್ಮನವರೇ, ಮುಕ್ಕಾಲು ಸೆಕೆಂಡು! ಈ ವರ್ಷದಲ್ಲೇ ಇಷ್ಟು ಬೇಗ ಯಾವ ಪುಟವೂ ಬಂದಿಲ್ಲ!" ಎಂದು ರಾಯರು ಸ್ಟಾಪ್‌ವಾಚನ್ನು ಎತ್ತಿ ತೋರಿಸಿದರು.

"ಹೌದೇ ರಾಯರೇ?" ಎಂದ ಆಕೆ ಅಲ್ಲಿಯೇ ಕುಳಿತು ಮೊಬೈಲಿನಲ್ಲಿ ಧಾರವಾಡದ ರಾತ್ರಿ ಬಸ್ಸಿಗೆ ಸೀಟು ಹುಡುಕತೊಡಗಿದರು. ರಾಯರು ರಿಜಿಸ್ಟರನ್ನು ತೆರೆದು, ಷರಾ ಅಂಕಣದಲ್ಲಿ ದುಂಡಗೆ 'ಅತ್ಯುತ್ತಮ' ಎಂದು ಬರೆದು, ಅಡಿಗೆರೆ ಎಳೆದು, ದಿನಾಂಕಸಹಿತ ಸಹಿ ಹಾಕಿದರು.