ಗಣಕಮಾಂದ್ಯ ಮೀಮಾಂಸೆ

ಲಕ್ಷಣ: ವೈರಸ್ ಬಾರದಿರಲೆಂದು ಹಾಕಿಸಿದ ರಕ್ಷಣಾ ತಂತ್ರಾಂಶವೇ ಮನೆಯ ಕಂಪ್ಯೂಟರನ್ನು ಮೇಲೇಳದಂತೆ ಮಾಡಿದರೆ ಆ ರೋಗಕ್ಕೆ ಗಣಕಮಾಂದ್ಯವೆಂದು ಹೆಸರು. ಕ್ಷೇತ್ರ: ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನ ಒಂದು ಮನೆ. ಸಾಮಗ್ರಿ: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಉಳ್ಳ ಹಳೇ ಡೆಸ್ಕ್‌ಟಾಪ್ ಒಂದು, ಅದರ ಮುಂದೆ ಪಹಣಿ ತೆಗೆಯಲು ಕುಳಿತ ಭತ್ತದ ರೈತ ಒಬ್ಬ. ಪ್ರಮಾಣಗಳು ನಾಲ್ಕು.

ಪ್ರತ್ಯಕ್ಷ: ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಬಳಕೆ ಶೇ. 100. ಅದು ತೆರೆದುಕೊಳ್ಳಲು ಹಿಡಿದ ಹೊತ್ತೂ ಪ್ರಮಾಣವೇ. ಯಾವ ಫೈಲನ್ನು ಮುಟ್ಟಿದರೂ ತಂತ್ರಾಂಶ ಅಡ್ಡಗಟ್ಟಿ, ತನ್ನ ಪಟ್ಟಿಯೊಂದಿಗೆ ತಾಳೆ ನೋಡಿ, ಆಮೇಲೆ ಬಿಡುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿಗೆಂದೇ ಎದ್ದ ಕ್ಯಾಂಪು ಇದು. ಹೋದಲ್ಲೆಲ್ಲ ದಾಖಲೆ ಕೇಳುವ ಈ ಪದ್ಧತಿಯನ್ನು ಇಲ್ಲಿನ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅನುಮಾನ: ಎಲ್ಲಿ ಫ್ಯಾನಿನ ಭೋರ್ಗರೆತವೋ ಅಲ್ಲಿ ಸ್ಕ್ಯಾನು. ರಾತ್ರಿಗೆ ಗೊತ್ತುಮಾಡಿದ ಸ್ಕ್ಯಾನು ಯಂತ್ರ ಆಫ್ ಇದ್ದುದರಿಂದ ತಪ್ಪಿ, ಬೆಳಿಗ್ಗೆ ಸ್ವಿಚ್ ಒತ್ತುತ್ತಲೇ ಬಾಕಿ ವಸೂಲಿಗೆ ಕೂರುತ್ತದೆ.

ಉಪಮಾನ: ತುಂಗಭದ್ರಾ ಎಡದಂಡೆ ಕಾಲುವೆ. ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ಉಳಿಯುವುದು ಕೆಸರು. ಡಿಸ್ಕಿನ ಮೇಲ್ಭಾಗದಲ್ಲಿ ತಂತ್ರಾಂಶ ಕೂತಿದೆ; ಪಹಣಿಯದು ಕೊನೆಭಾಗದ ಗದ್ದೆ.

ಶಬ್ದ: ಆಪ್ತವಾಕ್ಯ, ಅರ್ಥಾತ್ ಅಂಗಡಿಯವನ ಮಾತು. “ಇನ್ನೊಂದು ಆಂಟಿವೈರಸ್ ಹಾಕ್ಸಿಬಿಡ್ರಿ ಅಣ್ಣಾ, ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡೀತೈತಿ.” ಹಿಡಿಯಿತು, ಒಂದನ್ನೊಂದು. ಎರಡೂ ಒಂದೇ ಫೈಲಿಗೆ ಕೈಹಾಕಿ ಬಿಡಲೊಲ್ಲವು. ಮೌಸಿನ ಬಾಣ ತೆರೆಯ ನಡುವೆ ನಿಂತು ಸಾಕ್ಷಿಯಾಯಿತು.

ದೋಷವಿಚಾರ: ವೈರಸ್ ಅಲ್ಲದ್ದನ್ನೂ ವೈರಸ್ ಎನ್ನುವುದು ಅತಿವ್ಯಾಪ್ತಿ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್ಸಿನ ಅಪ್‌ಡೇಟ್ ಒಂದು ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲಾದ ಎಸ್‌ವಿಸಿಹೋಸ್ಟ್ ಅನ್ನೇ ಕಳ್ಳನೆಂದು ಹಿಡಿಯಿತು. ಕಾಯಬೇಕಾದ ಮನೆಯ ಯಜಮಾನನನ್ನೇ ಕಟ್ಟಿಹಾಕಿದ ಕಾರಣ ಯಂತ್ರಗಳು ಮತ್ತೆಮತ್ತೆ ರೀಸ್ಟಾರ್ಟ್ ಆದವು.

ಪೂರ್ವಪಕ್ಷ: ಹಾಗಾದರೆ ರಕ್ಷಣೆಯನ್ನೇ ಕಿತ್ತುಹಾಕೋಣವೆ? ಕೂಡದು. ಊರ ಪೆನ್‌ಡ್ರೈವುಗಳೆಲ್ಲ ಜೆರಾಕ್ಸ್ ಅಂಗಡಿಯ ಒಂದೇ ಯಂತ್ರಕ್ಕೆ ಹೋಗಿ ಬರುವತನಕ ವೈರಸ್ಸಿಗೆ ಬಿಟ್ಟಿ ಪ್ರಯಾಣ ಇದ್ದೇ ಇದೆ.

ಸಿದ್ಧಾಂತ: ನಿಂತ ಯಂತ್ರವೇ ಪರಮ ಸುರಕ್ಷಿತ, ಎಲ್ಲ ರಕ್ಷಣಾ ತಂತ್ರಾಂಶಗಳೂ ಆ ಮೋಕ್ಷದತ್ತಲೇ ಸಾಗುತ್ತಿವೆ. ದೃಷ್ಟಾಂತ: 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು. ವಿಮಾನಗಳೂ ನಿಂತವು. ಮಲಗಿದ ಯಂತ್ರಕ್ಕೆ ಯಾವ ವೈರಸ್ ತಟ್ಟೀತು?

ಫಲಶ್ರುತಿ: ಇದನ್ನು ಓದಿ, ಹಾಕಿಸಿದ ಎರಡೂ ಆಂಟಿವೈರಸ್ಸುಗಳನ್ನು ಕಿತ್ತು, ಮನೆ ಬಳಕೆಗೆ ವಿಂಡೋಸಿನೊಂದಿಗೇ ಬರುವ ಡಿಫೆಂಡರ್ ಸಾಕೆಂದು ತಿಳಿದು, ಸ್ಕ್ಯಾನನ್ನು ಊಟದ ಹೊತ್ತಿಗೆ ಗೊತ್ತುಮಾಡಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದವರಿಗೆ ಇಹದಲ್ಲೇ ಕಾರ್ಯಸಿದ್ಧಿ. ಏನೂ ಮಾಡದವರಿಗೆ ಮೇಲೆ ಹೇಳಿದ ಪರಮ ಸುರಕ್ಷೆ.