ಪರದೇಶ ಸ್ವಕಾರು ಚಾಲನಾ ಮೀಮಾಂಸೆ

ಸ್ವಂತ ಕಾರನ್ನು ಪರದೇಶದಲ್ಲಿ ಓಡಿಸಲು ಅಧಿಕಾರಿ ಯಾರೆಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಚಾಲಕರೇ ಜನ್ಮತಃ ಅಧಿಕಾರಿಗಳೆಂಬುದು ನಮ್ಮ ಸಿದ್ಧಾಂತ.

ಮೊದಲು ಐತಿಹಾಸಿಕ ಪ್ರಮಾಣ. ಟಿಪ್ಪುವಿನ ಪಡೆಯ ಫ್ರೆಂಚರು ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ದ್ವೀಪ ಇಂಗ್ಲಿಷರ ಸ್ವತ್ತಾಯಿತು. ಮೈಸೂರು ಸಂಸ್ಥಾನ ಅದಕ್ಕೆ ಬಾಡಿಗೆ ಕಟ್ಟುತ್ತಿತ್ತು. ಬೆಂಗಳೂರಿನ ದಂಡುಪ್ರದೇಶಕ್ಕೆ ಬದಲಾಗಿ ದ್ವೀಪ ಮರಳಿ ಮೈಸೂರಿಗೆ ಸೇರಿದ್ದು 1881ರಲ್ಲಿ. ಅಲ್ಲಿಯವರೆಗೆ ಪಾಂಡವಪುರದವನು ಪಟ್ಟಣಕ್ಕೆ ಬಂದನೆಂದರೆ ಶಾಸ್ತ್ರರೀತ್ಯಾ ಫ್ರಾನ್ಸಿನಿಂದ ಇಂಗ್ಲೆಂಡಿಗೆ ದಾಟಿದನೆಂದೇ ಲೆಕ್ಕ. ಜರ್ಮನಿಯ ಕಾರ್ಲ್ ಬೆಂಜ್ ಮಾತ್ರ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಐದೇ ವರ್ಷ ತಡ! ಈ ಆಲಸ್ಯದಿಂದ ನಮ್ಮ ಜಿಲ್ಲೆಗಾದ ನಷ್ಟವನ್ನು ಜರ್ಮನರು ಇನ್ನೂ ತುಂಬಿಕೊಟ್ಟಿಲ್ಲ.

ಇನ್ನು ಪೂರ್ವಪಕ್ಷ. ಯುರೋಪಿನ ಬಹುಪಾಲು ದೇಶಗಳಲ್ಲಿ ಬಲಗಡೆ ಓಡಿಸಬೇಕು, ಎಡಗಡೆಯವರ ಗತಿಯೇನು? ಈ ಆಕ್ಷೇಪವನ್ನು ಕಬ್ಬಿನ ಟ್ರ್ಯಾಕ್ಟರಿನ ಚಾಲಕರೊಬ್ಬರ ಮುಂದಿಟ್ಟಾಗ, "ನಾವು ಎರ್ಡೂ ಕಡೇನೂ ಓಡುಸ್ತೀವಿ ಕಣ್ಸಾ, ಅದ್ರಲ್ಲೇನದೆ?" ಎಂದು ಒಂದೇ ವಾಕ್ಯದಲ್ಲಿ ಖಂಡಿಸಿದರು. ಹಿಂದೆ ದೀಪವಿಲ್ಲದ ಎರಡು ಟ್ರೇಲರು, ಟಾರು ರಸ್ತೆಯ ಮೇಲೆಯೇ ಹುರುಳಿ ಒಕ್ಕಣೆ, ರಾತ್ರೋರಾತ್ರಿ ಹುಟ್ಟಿದ ಹಂಪು: ಇವನ್ನು ದಾಟಿದವನಿಗೆ ಆಲ್ಪ್ಸ್ ಪರ್ವತ ಯಾವ ಲೆಕ್ಕ?

ಕಾಗದಪತ್ರ ಗೌಣವಿಷಯ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ನಮ್ಮ ಆರ್‌ಟಿಒ ಕಚೇರಿಯಲ್ಲೇ ಸಿಗುತ್ತದೆ, ಆಯಸ್ಸು ಒಂದು ವರ್ಷ. ಕೆಎ-೫೪ ಎಂದು ಕನ್ನಡ ಅಂಕಿಯಲ್ಲಿ ಫಲಕ ಬರೆಸಿದ ನಾಗಮಂಗಲದ ಅಭಿಮಾನಿ ಅದನ್ನು ಮನೆಯಲ್ಲೇ ಬಿಟ್ಟು ಹೋಗತಕ್ಕದ್ದು. ಹಲವು ದೇಶಗಳು ಕೇಳುವ ಕಾರ್ನೆಟ್ ಎಂಬ ಪುಸ್ತಕ ಕಾರಿನ ಪಾಸ್‌ಪೋರ್ಟು. ಒಳಹೋಗುವಾಗ ಒಂದು ಚೀಟಿ, ಹೊರಬರುವಾಗ ಒಂದು ಚೀಟಿ ಹರಿದುಕೊಳ್ಳುತ್ತಾರೆ. ಕಾರನ್ನು ಅಲ್ಲೇ ಮಾರದೆ ವಾಪಸು ತರುತ್ತೇನೆಂಬ ಮಾತಿಗೆ ಬ್ಯಾಂಕ್ ಗ್ಯಾರಂಟಿ ಬೇಕು. ಗ್ಯಾರಂಟಿಯನ್ನು ಸರ್ಕಾರದಿಂದ ಪಡೆದೇ ರೂಢಿಯಾದವರಿಗೆ, ತಾವೇ ಕೊಡಬೇಕೆಂಬ ಈ ವಿಧಿ ಸ್ವಲ್ಪ ಅಧರ್ಮವಾಗಿಯೇ ಕಂಡೀತು.

ನಿಜವಾದ ಕಷ್ಟ ಬೇರೆ. ಎದುರಿನಿಂದ ಯಾರೂ ಬಾರದ ದಾರಿಯಲ್ಲಿ, ಹಾರ್ನ್ ಒತ್ತದೆ, ಗೆರೆಯೊಳಗೇ ಗಂಟೆಗಟ್ಟಲೆ ಸಾಗುವುದು ನಮ್ಮವರ ಮನಸ್ಸಿಗೆ ಒಗ್ಗದು. ಅದರ ಅಭ್ಯಾಸಕ್ಕೆ ಪಟ್ಟಣದ ಪಕ್ಕದಲ್ಲೇ ಒಂದು ಪರದೇಶ ಹಾದುಹೋಗಿದೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಟೋಲ್ ಕಟ್ಟೆಯೇ ಗಡಿ. ಅಲ್ಲಿ ಬೇಸರಪಡದೆ ಓಡಿಸಿದವನು ಉತ್ತೀರ್ಣ.

ಆಮೇಲೂ ಧೈರ್ಯ ಸಾಲದವರು ಮೊದಲು ನೇಪಾಳಕ್ಕೆ ಹೋಗಿ ಬನ್ನಿ. ಅಲ್ಲಿಯೂ ಎಡಗಡೆಯೇ ಓಡಿಸಬೇಕು, ನಮಗೆ ವೀಸಾ ಬೇಡ. ಕಾರಿಗೆ ಗಡಿಯಲ್ಲಿ ದಿನದ ಲೆಕ್ಕದಲ್ಲಿ ಭನ್ಸಾರ್ ಸುಂಕ ಕಟ್ಟಿದರೆ ಬಿಡುತ್ತಾರೆ.