ಕಾಂಟೆಸ್ಸಾ ಮಾವ

ಕುಮಟಾ ಕಡೆಯ ನಮ್ಮ ಕಾಗಾಲದ ಕಾಂಟೆಸ್ಸಾ ಮಾವನ ಕಾರು ನನಗೆ ಮೀಸೆ ಚಿಗುರುವ ಮೊದಲಿನಿಂದಲೂ ಮಾರಾಟಕ್ಕಿದೆ. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿದೆ. ಮೇಲೊಂದು ಟಾರ್ಪಾಲು, ಅದರ ಮೇಲೆ ತೆಂಗಿನ ಮಡಲು, ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ. ಡಿಕ್ಕಿಯಲ್ಲಿ ಕಗ್ಗ ಭತ್ತದ ಬೀಜದ ಚೀಲ. ಗಜನಿ ಗದ್ದೆಯ ಉಪ್ಪುನೀರಿಗೂ ಜಗ್ಗದ ಈ ಭತ್ತವೊಂದೇ ಆ ಕಾರಿನೊಳಗೆ ಉಪ್ಪುಗಾಳಿಗೆ ಹೆದರದ ವಸ್ತು.

ಹಿಂದೂಸ್ತಾನ್ ಮೋಟರ್ಸ್‌ನವರು ಕಾಂಟೆಸ್ಸಾ ಇಳಿಸಿದ್ದು 1984ರಲ್ಲಿ. ಆಗ ನಮ್ಮ ಜಿಲ್ಲೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. ಅಂಬಾಸಿಡರ್, ಫಿಯೆಟ್ ನೋಡಿಯೇ ಬೇಸತ್ತ ಕಣ್ಣಿಗೆ ಅದು ಐಷಾರಾಮದ ಕಾರೇ ಸೈ. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರಿನದು. ಎಂಜಿನ್ ಮಾತ್ರ ಮೊದಮೊದಲು ಅಂಬಾಸಿಡರಿನದೇ, ಸುಮಾರು 50 ಅಶ್ವಶಕ್ತಿ. ಜಪಾನಿನ ಇಸುಝು ಎಂಜಿನ್ ಬಂದದ್ದು ಆಮೇಲೆ. ತಮ್ಮ 1986ರ ಗಾಡಿಯಲ್ಲೂ ಇಸುಝುವೇ ಇದೆ ಎಂಬುದು ಮಾವನ ವಾದ. ದೇವಿಮನೆ ಘಟ್ಟ ಅದನ್ನು ಎಂದೂ ಒಪ್ಪಿದ್ದಿಲ್ಲ.

ಗಿರಾಕಿ ಬಂದರೆ ಮಾವ ಟಾರ್ಪಾಲು ಎತ್ತುವುದಿಲ್ಲ. ಜಗಲಿಯಲ್ಲಿ ಕೂರಿಸಿ, ಮುರುಗಲ ಪಾನಕ ಕೊಟ್ಟು, "ಇದರ ಮೊದಲನೇ ಯಜಮಾನ ಯಾರು ಗೊತ್ತದೆಯಾ ತಮಾ?" ಎಂದು ಶುರು ಮಾಡುತ್ತಾರೆ. ಬಂದವರು ಬೆಂಗಳೂರಿನವರಾದರೆ ಮೊದಲ ಯಜಮಾನ ಮಂತ್ರಿ. ಹುಬ್ಬಳ್ಳಿಯವರಾದರೆ ಹತ್ತಿ ಸಾಹುಕಾರ. ಮುಂಬಯಿಯವರಾದರೆ ಒಬ್ಬ ಹೀರೋಯಿನ್ನು. ಹೆಸರು ಹೇಳಬಾರದಂತೆ, ಆಕೆಗೆ ಈಗ ಮೊಮ್ಮಕ್ಕಳಂತೆ. ಎರಡನೆಯವರು ದುಬೈಯಿಂದ ರಜೆಗೆ ಬರುತ್ತಿದ್ದ ಭಟ್ಕಳದ ಸಾಹೇಬರು. ಅಲ್ಲಿ ಬೆಂಝಿನಲ್ಲಿ ಓಡಾಡಿದವರಿಗೂ ಇದರಲ್ಲಿ ಕೂತಾಗಲೇ ಬೆನ್ನುನೋವು ಹೋಗುತ್ತಿತ್ತಂತೆ. ಮೂರನೆಯವರು ಹೊನ್ನಾವರದ ಡಾಕ್ಟರು. ಕಾರಿನ ಹಾರನ್ನು ಕೇಳಿದರೇ ರೋಗಿಯ ಅರ್ಧ ಜ್ವರ ಇಳಿಯುತ್ತಿತ್ತಂತೆ. ಆರ್‌ಸಿ ಪುಸ್ತಕ ನಾನು ನೋಡಿದ್ದೇನೆ. ಅದರಲ್ಲಿ ಮಂತ್ರಿಯೂ ಇಲ್ಲ, ಹೀರೋಯಿನ್ನೂ ಇಲ್ಲ. ಎದ್ದು ಕಾಣುವುದು ಬ್ಯಾಂಕಿನ ಸಾಲದ ಷರಾ. ಆ ಕಾರನ್ನು ನಿಜಕ್ಕೂ ಪ್ರೀತಿಸಿದ ಯಜಮಾನ ಬಹುಶಃ ಆ ಬ್ಯಾಂಕೇ.

"ಧರ್ಮಸ್ಥಳದಲ್ಲಿ ಹಳೇ ಕಾರುಗಳ ಮ್ಯೂಸಿಯಂ ಇದೆಯಲ್ಲ ಮಾವ, ಅಲ್ಲಿಗೆ ಕೇಳಬಾರದಾ?" ಎಂದೆ ಒಮ್ಮೆ. "ದೇವರ ಸನ್ನಿಧಿಯಲ್ಲಿ ಚೌಕಾಶಿ ಮಾಡೂಕೆ ಆಗ್ತದ್ಯಾ?" ಎಂದರು.

ಕಾರು 'ವಿಂಟೇಜ್' ಎಂದೂ ಹೇಳಿಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಮೊಬೈಲು ತೆಗೆದು 2021ರ ಕೇಂದ್ರದ ನಿಯಮ ಓದಿದ: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲರೂಪದಲ್ಲೇ ಇರಬೇಕು, ನಂಬರ್ ಪ್ಲೇಟಿನಲ್ಲಿ 'ವಿಎ' ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯ ಓಡಿಸುವಂತಿಲ್ಲ. ಕಡೆಯ ಮಾತು ಕೇಳಿ ಮಾವನಿಗೆ ಬಹಳ ಸಂತೋಷವಾಯಿತು. "ಓಡಿಸದೇ ಇರೂದೇ ಕಾಯಿದೆ ಅಂದ್ರೆ ನಮ್ಮದು ಆಗಲೇ ಪಾಸು! 2036ರ ತನಕ ತಡೆದರೆ ದರ ದುಪ್ಪಟ್ಟು," ಎಂದು ಅಲ್ಲೇ ದುಪ್ಪಟ್ಟು ಹೇಳಿದರು. ಹುಡುಗ ಪಾನಕ ಕುಡಿದು ಹೋದ.

ಕೊಳ್ಳುವವನೇ ಬರಲಿಲ್ಲ ಎನ್ನುವ ಹಾಗಿಲ್ಲ. ಕಳೆದ ಮಳೆಗಾಲದ ಮುಂಚೆ ಗೋವೆಯ ಕಡೆಯವನೊಬ್ಬ ಬಂದ. ಪಾನಕ ಬೇಡವೆಂದ. ಸೀದಾ ಟಾರ್ಪಾಲು ಎತ್ತಿಸಿ, ಕೋಳಿ ಎಬ್ಬಿಸಿ, ಬಾನೆಟ್ ತೆರೆದು, ಬೆರಳಿಂದ ತುಕ್ಕು ಕೆರೆದು ನೋಡಿದ. ಮಾವ "ಇದರ ಮೊದಲನೇ ಯಜಮಾನ..." ಎನ್ನುವಷ್ಟರಲ್ಲಿ ನೋಟಿನ ಕಟ್ಟು ತೆಗೆದು ಜಗಲಿಯ ಮೇಲಿಟ್ಟ. ಕೇಳಿದಷ್ಟೂ ಇತ್ತು. ಅತ್ತೆ ಒಳಗಿಂದ ಓಡಿ ಬಂದು ದೇವರಿಗೆ ಕೈಮುಗಿದರು. ಮಾವ ಕಟ್ಟನ್ನು ವಾಪಸು ಅವನ ಕೈಗೇ ತುರುಕಿದರು.

"ಯಾರ ಕಾರು, ಎಂತ ಕತೆ, ಒಂದು ಮಾತು ಕೇಳಲಿಲ್ಲ. ಅಂಥವನಿಗೆ ಕೊಡೂದಾ?" ಎಂದು ಸಂಜೆಯವರೆಗೂ ಗೊಣಗುತ್ತಿದ್ದರು. "ಈ ಕಾರು ಹೋಗೂದರೊಳಗೆ ನಮ್ಮನೆ ಅಕ್ಕಿ ಮುಗೀತದೆ," ಎಂದು ಅತ್ತೆ ಮತ್ತೆ ಕೋಳಿಯನ್ನು ಹಿಂದಿನ ಸೀಟಿಗೆ ಬಿಟ್ಟರು.

ಹಳೇ ಕಾರಿನ ಮೋಹ ಇದ್ದವರು ಕುಮಟಾಕ್ಕೆ ಬಂದಾಗ ಕಾಗಾಲದ ಕಡೆಗೂ ಅಗತ್ಯವಾಗಿ ಬನ್ನಿ. ಊಟ ಸಿಗುತ್ತದೆ, ಕತೆ ಸಿಗುತ್ತದೆ. ಗಾಡಿ ಚಾಲೂ ಆಗುತ್ತದೋ ನೋಡಬೇಕೆಂದಿದ್ದರೆ ಬ್ಯಾಟರಿ ನೀವೇ ತನ್ನಿ. ದುಡ್ಡು ತರುವುದು ಬೇಡ.